ಮೇಜರ್ ಮಾವಶಿ ಹಿಡಿದ ಪಕ್ಷ

ಮೇಜರ್ ಮಾವಶಿ ಯಾರ ಮನೆಯಲ್ಲೂ ಪೂರ್ತಿ ಕಪ್ ಚಹಾ ಕುಡಿದವರಲ್ಲ. ಎಷ್ಟೇ ಒಳ್ಳೆಯ ಚಹಾ ಇರಲಿ, ಅರ್ಧಕ್ಕೆ ನಿಲ್ಲಿಸಿ, ಬಸಿಯನ್ನು ಕಪ್ಪಿನ ಮೇಲೆ ಮುಚ್ಚಿ ಎದ್ದುಬಿಡುತ್ತಿದ್ದರು. ಪುಣೆಯ ಕೊಂಢವಾದಲ್ಲಿರುವ ಈ ಕಟ್ಟಡಕ್ಕೆ ನಾವು ಬಂದ ಹೊಸದರಲ್ಲಿ, ನನ್ನ ಚಹಾ ಅವರಿಗೆ ಸೇರಲಿಲ್ಲವೆಂದೇ ತಿಳಿದು ಒಂದೆರಡು ಸಲ ಪುಡಿ ಬದಲಾಯಿಸಿದ್ದೆ. ಆಮೇಲೆ ಗೊತ್ತಾಯಿತು. ನಮ್ಮ ಮಹಡಿಯಲ್ಲೇ ಎದುರುಬದುರಿನ ಎರಡು ಮನೆಯವರು ಪಾರ್ಕಿಂಗ್ ಜಾಗದ ಸಲುವಾಗಿ ಮಾತು ಬಿಟ್ಟಿದ್ದರು. ಮಾವಶಿ ಒಂದು ಮನೆಗೆ ಹೋದರೆ, ಹೊರಬಂದವರೇ ಎದುರು ಮನೆಯ ಗಂಟೆ ಒತ್ತುತ್ತಿದ್ದರು. ಅಲ್ಲಿ ಇನ್ನರ್ಧ ಕಪ್. ಯಾರ ಮಾತನ್ನೂ ಇನ್ನೊಬ್ಬರಿಗೆ ದಾಟಿಸುತ್ತಿರಲಿಲ್ಲ. ಆ ಜಗಳ ಅವರಿಂದ ಬಗೆಹರಿಯಲೂ ಇಲ್ಲ. ಆದರೆ ಒಂದು ಮನೆಯ ಅಜ್ಜ ಜಾರಿ ಬಿದ್ದ ದಿನ ಎದುರು ಮನೆಯವರ ಕಾರಿನಲ್ಲೇ ಆಸ್ಪತ್ರೆಗೆ ಹೋದದ್ದನ್ನು ನಾನು ಕಂಡಿದ್ದೇನೆ. ಹಿಂದಿನ ಸೀಟಿನಲ್ಲಿ ಅಜ್ಜನ ತಲೆ ಹಿಡಿದು ಕೂತವರು ಮಾವಶಿ.

ಅವರು ಬೈಲಹೊಂಗಲದ ಕಡೆಯವರು. ಸೈನ್ಯದ ಆಸ್ಪತ್ರೆಗಳಲ್ಲಿ ನರ್ಸಿಂಗ್ ಅಧಿಕಾರಿಯಾಗಿ ಸೇವೆ ಮಾಡಿ, ಮೇಜರ್ ಆಗಿ ನಿವೃತ್ತರಾದವರು. ಮದುವೆಯಾಗಿರಲಿಲ್ಲ. ಕೇಳಿದವರಿಗೆ, ಬದಲಿಯಾದಲ್ಲೆಲ್ಲ ಬರುವಂಥ ಗಂಡ ಸಿಗಲಿಲ್ಲ ಎನ್ನುತ್ತಿದ್ದರು. ಹೆಸರು ಇಂದುಮತಿ. ಮರಾಠಿಯವರೂ ಕನ್ನಡದವರೂ ಒಂದೇ ಬಾಯಿಂದ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ಗಿಡ್ಡ ಆಳು, ಕಾಲರಿನ ಮಟ್ಟಕ್ಕೆ ಕತ್ತರಿಸಿದ ಬಿಳಿ ಕೂದಲು, ಇಸ್ತ್ರಿ ಮಾಡದ ಬಟ್ಟೆ ಹಾಕಿದವರನ್ನು ಕಂಡರೆ ಹುಬ್ಬು ಗಂಟಿಕ್ಕುತ್ತಿತ್ತು. ಕಟ್ಟಡದಲ್ಲಿ ಎಲ್ಲರಿಗೂ ಅವರೊಂದು ಹುದ್ದೆ ಕೊಟ್ಟಿದ್ದರು. ವಾಚಮನ್ ಕ್ಯಾಪ್ಟನ್. ರಾಂಜಣಗಾಂವದ ಕಾರ್ಖಾನೆಯಿಂದ ಕಂಪನಿ ಬಸ್ಸಿನಲ್ಲಿ ತೂಕಡಿಸುತ್ತ ಬರುವ ನನ್ನ ಗಂಡ ಹವಾಲ್ದಾರ. ಅವನಿಗೆ ಪದೋನ್ನತಿ ಯಾವಾಗ ಎಂದು ಕೇಳಿದರೆ, "ಮೊದಲು ಬಸ್ಸಿನ್ಯಾಗ ಬಾಯಿ ಮುಚ್ಚಿ ಮಲಗಲಿಕ್ಕೆ ಕಲೀಲಿ" ಎನ್ನುತ್ತಿದ್ದರು. ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುವ ನಾನು ಪ್ರೊಫೆಸರ್. ಆ ಹುದ್ದೆಗೆ ನಾನಿನ್ನೂ ಏರಿರಲಿಲ್ಲ. ಅವರು ಬಾಯಿತುಂಬ ಕರೆಯುವಾಗ ಅದರಲ್ಲಿ ಗೌರವವೆಷ್ಟು, ಚೇಷ್ಟೆಯೆಷ್ಟು ಎಂದು ಇವತ್ತಿಗೂ ನನಗೆ ತಿಳಿದಿಲ್ಲ.

ಸೇವೆಯಲ್ಲಿದ್ದಾಗ ಅವರು ನೀಲಿ ಟೋಪಿಯ ಶಾಂತಿಪಾಲನಾ ಪಡೆಯ ಜೊತೆ ನಡು ಆಫ್ರಿಕಾದ ಒಂದು ಸರೋವರದ ಊರಿಗೆ ಹೋಗಿದ್ದರು. ಅರ್ಧ ಕಪ್ಪಿನ ಅಭ್ಯಾಸ ಅಲ್ಲಿಯದು. ಅವರ ಆಸ್ಪತ್ರೆಯಿಂದ ವಾರಕ್ಕೊಮ್ಮೆ ಒಂದು ಬಿಳಿ ಗಾಡಿ ಗುಡ್ಡದ ಎರಡು ಮಗ್ಗುಲಿನ ಎರಡು ಹಳ್ಳಿಗಳಿಗೆ ಔಷಧಿ ಒಯ್ಯುತ್ತಿತ್ತು. ಒಂದು ಹಳ್ಳಿ ಒಂದು ಬಂಡುಕೋರ ಗುಂಪಿನ ಕಡೆ, ಇನ್ನೊಂದು ಅದರ ವೈರಿಗಳ ಕಡೆ. ಎರಡೂ ಕಡೆ ಊಟಕ್ಕೆ ಕೂರಿಸುತ್ತಿದ್ದರು, ಎರಡೂ ಕಡೆ ಉಣ್ಣಲೇಬೇಕು. ಒಮ್ಮೆ ಹೊಸದಾಗಿ ಬಂದ ಪಂಜಾಬಿ ಡಾಕ್ಟರೊಬ್ಬ ಮೊದಲ ಹಳ್ಳಿಯಲ್ಲಿ ಬಾಳೆಕಾಯಿ, ಮೀನು ಎಲ್ಲ ಗಡದ್ದಾಗಿ ಹೊಡೆದು, ಎರಡನೆಯ ಹಳ್ಳಿಯಲ್ಲಿ ಹೊಟ್ಟೆಯ ಮೇಲೆ ಕೈಯಾಡಿಸಿ, ಊಟ ಆಗಲೇ ಆಗಿದೆ, ಸಾಕು ಎಂದು ನಕ್ಕ. ಸಭ್ಯ ಮನುಷ್ಯ, ಮನಸ್ಸಿನಲ್ಲಿ ಏನೂ ಇರಲಿಲ್ಲ. ಮುಂದಿನ ವಾರ ಆ ಹಳ್ಳಿಯಲ್ಲಿ ಒಬ್ಬರೂ ಗಾಡಿಯ ಹತ್ತಿರ ಬರಲಿಲ್ಲ. ಜ್ವರದ ಮಗುವನ್ನು ಬೆನ್ನಿಗೆ ಕಟ್ಟಿಕೊಂಡ ಒಬ್ಬ ತಾಯಿ ದೂರದಿಂದ ಗಾಡಿ ನೋಡಿ ತಿರುಗಿ ಹೋದಳಂತೆ. ಅಲ್ಲಿಂದ ಮುಂದೆ ಮಾವಶಿ ಉಪವಾಸವೇ ಹೊರಟು, ಮೊದಲು ಆ ಹಳ್ಳಿಗೇ ಹೋಗಿ, ಯಾರೂ ಕರೆಯದಿದ್ದರೂ ಒಂದು ಒಲೆಯ ಮುಂದೆ ಕೂತುಬಿಡುತ್ತಿದ್ದರು. ಮಳೆಗಾಲ ಮುಗಿಯುವ ಹೊತ್ತಿಗೆ ಒಬ್ಬ ಮುದುಕಿ ಅವರ ಮುಂದೆ ತಟ್ಟೆ ಇಟ್ಟಳು.

ಈ ಕತೆ ಹೇಳುವಾಗಲೆಲ್ಲ ಊಟದ ಪದಾರ್ಥ ಬದಲಾಗುತ್ತಿತ್ತು. ನನಗೆ ನೆನಪಿರುವುದು ಮೀನು. ನನ್ನ ದಿನಚರಿಯಲ್ಲಿ ಆಡಿನ ಮಾಂಸ ಎಂದಿದೆ. ಹುಟ್ಟಾ ಶಾಕಾಹಾರಿಯಾದ ನೀವು ಅಲ್ಲಿ ಏನು ತಿಂದಿರಿ ಎಂದು ಕೇಳಿದರೆ, ಸಾರಿನಲ್ಲಿ ಬಾಳೆಕಾಯಿ ಹುಡುಕಿ ತಿಂದೆ ಎನ್ನುತ್ತಿದ್ದರು. ಅಲ್ಲಿ ಬಾಳೆಕಾಯಿ ಹಾಕುವುದು ಮೀನಿನ ಸಾರಿಗಂತೆ, ಹಾಗಾಗಿ ಮೀನೇ ಇರಬೇಕು. ಬದಲಾಗದೆ ಉಳಿದದ್ದು ಕೊನೆಯ ಮಾತು.

"ನಿಷ್ಪಕ್ಷಪಾತ ಅಂತ ನೀವು ಹುಡುಗರಿಗೆ ಬೋರ್ಡಿನ ಮ್ಯಾಲೆ ಬರೀತೀರಿ, ಪ್ರೊಫೆಸರ್. ಅಲ್ಲಿ ಅದು ಹೊಟ್ಟಿಯಾಗ ಜಾಗ ಇಟಗೊಳ್ಳೋದು."

ಕೆಲ ತಿಂಗಳು ಎಲ್ಲ ಟಿವಿಗಳಲ್ಲೂ ಇದೇ ಚರ್ಚೆ ನಡೆದ ಕಾಲವೊಂದಿತ್ತು. ದೂರದ ದೇಶವೊಂದರಲ್ಲಿ ಶಾಂತಿಪಾಲನೆಗೆ ಹೋದ ನಮ್ಮ ಸೈನಿಕರು ಸತ್ತ ಸುದ್ದಿ ಬಂದಿತ್ತು. ಪರರ ಜಗಳದಲ್ಲಿ ನಮ್ಮವರು ಯಾಕೆ ಸಾಯಬೇಕು, ಇನ್ನೂ ಎಷ್ಟು ದಿನ ನಾವು ಯಾರ ಕಡೆಯೂ ಅಲ್ಲ ಎನ್ನುತ್ತ ಕೂರಬೇಕು, ದೊಡ್ಡ ರಾಷ್ಟ್ರವಾಗಬೇಕಾದರೆ ಒಂದು ಪಕ್ಷ ಹಿಡಿಯಬೇಡವೇ ಎಂದು ದಿನವೂ ಸಂಜೆ ಕೂಗಾಟ. ಮಾವಶಿ ನಮ್ಮ ಮನೆಯಲ್ಲಿ ಕೂತು ನೋಡುತ್ತಿದ್ದರು, ಅವರ ಮನೆಯಲ್ಲಿ ಟಿವಿ ಇರಲಿಲ್ಲ. ಪರದೆಯ ಮೇಲಿನ ಆರು ಮುಖಗಳನ್ನೂ ದಿಟ್ಟಿಸಿ, ಇವರಲ್ಲಿ ಒಬ್ಬರಿಗೂ ಬ್ಯಾಂಡೇಜ್ ಕಟ್ಟಲು ಬರುವುದಿಲ್ಲ ಎಂದು ನಿಟ್ಟುಸಿರು ಬಿಡುತ್ತಿದ್ದರು.

ಆ ದಿನಗಳಲ್ಲೇ ನನ್ನ ತಂಗಿ ವೀಣಾ, ಪುಣೆಯಲ್ಲೇ ಸೈನ್ಯದ ಡಾಕ್ಟರಾಗಿದ್ದವಳು, ಒಂದು ಭಾನುವಾರ ಊಟಕ್ಕೆ ಬಂದು, ಶಾಂತಿಪಾಲನಾ ಪಡೆಯ ಆಸ್ಪತ್ರೆಗೆ ತಾನೇ ಹೆಸರು ಕೊಟ್ಟಿರುವುದಾಗಿಯೂ ಹೋಗುವವರ ಪಟ್ಟಿಯಲ್ಲಿ ಅದು ಬಂದಿರುವುದಾಗಿಯೂ ಹೇಳಿದಳು. ಸೈನಿಕರು ಸತ್ತದ್ದು ಅದೇ ದೇಶದಲ್ಲಿ. ಅಪ್ಪ ತೀರಿಕೊಂಡ ಮೇಲೆ ಧಾರವಾಡ ಬಿಟ್ಟು ನಮ್ಮ ಜೊತೆ ಇದ್ದ ಅವ್ವ, ಬಡಿಸುತ್ತಿದ್ದ ಸೌಟನ್ನು ಪಾತ್ರೆಯಲ್ಲಿ ಇಟ್ಟು ಒಳಗೆ ಹೋದಳು. ಹೆಸರು ಹಿಂದೆಗೆದುಕೊಳ್ಳಲು ಇನ್ನೂ ಅವಕಾಶವಿತ್ತು. ಅವ್ವನ ಆಸೆಯೆಲ್ಲ ಅದರ ಮೇಲೆ ನಿಂತಿತು. ಮಾವಶಿ ಒಂದು ಮಾತು ಹೇಳಿದರೆ ವೀಣಾ ಕೇಳುತ್ತಾಳೆ ಎಂದು ಅವ್ವನಿಗೆ ಗೊತ್ತಿತ್ತು. ಸೈನ್ಯ ಸೇರುವಾಗ ಅವಳಿಗೆ ಬೂಟಿನ ಪಾಲಿಶ್ ಕಲಿಸಿದವರೇ ಅವರು. ಮರುದಿನವೇ ಅವ್ವ ಮಾವಶಿಯ ಮನೆಗೆ ಹೋಗಿ ಕೇಳಿಕೊಂಡಳು. ವಿಚಾರ ಮಾಡಿ ಹೇಳುತ್ತೇನೆ ಎಂದರಂತೆ.

ನನ್ನ ಸ್ಥಿತಿ ಇನ್ನೂ ವಿಚಿತ್ರವಾಗಿತ್ತು. ನಮ್ಮ ದೇಶ ಯಾವ ಸೇನಾಕೂಟಕ್ಕೂ ಸೇರದೆ, ಶಾಂತಿಪಾಲನೆಗೆ ಪಡೆ ಕಳಿಸುತ್ತಿರುವುದು ಸರಿ ಎಂದು ನಾನು ತರಗತಿಯಲ್ಲಿ ಹೇಳುತ್ತ ಬಂದಿದ್ದೆ, ಲೇಖನ ಬರೆದಿದ್ದೆ. ವೀಣಾ ಸುದ್ದಿ ಹೇಳಿದ ಕ್ಷಣ ನನ್ನ ಮನಸ್ಸಿನಲ್ಲಿ ಎದ್ದದ್ದು, ಬೇರೆ ಯಾರಾದರೂ ಹೋಗಲಿ ಎಂಬ ಒಂದೇ ಮಾತು. ಲೇಖನ ಬರೆದ ನಾನು ಸುಳ್ಳೋ, ಬೇರೆಯವರು ಹೋಗಲಿ ಎಂದುಕೊಂಡ ನಾನು ಸುಳ್ಳೋ ಎಂದು ಅವತ್ತು ಬರೆದುಕೊಂಡಿದ್ದೇನೆ. ಇಬ್ಬರೂ ಖರೆಯೇ ಇದ್ದರೇನೋ ಎಂದು ಈಗ ಅನ್ನಿಸುತ್ತದೆ. ಈಗ ಅನ್ನಿಸುವುದರಲ್ಲಿ ಈಗಿನ ಅನುಕೂಲವೂ ಇರಬಹುದು.

ಮಗರಪಟ್ಟಾದ ಒಂದು ಕ್ಲಬ್‌ಹೌಸಿನಲ್ಲಿ ನಮ್ಮ ಕನ್ನಡದವರ ತಿಂಗಳ ಚರ್ಚಾಕೂಟ ನಡೆಯುತ್ತದೆ. ಧಾರವಾಡ, ಬೆಳಗಾವಿಯ ಹಳಬರು, ಬೆಂಗಳೂರಿನಿಂದ ಬಂದ ಐಟಿ ಹುಡುಗರು, ಒಟ್ಟಿಗೆ ಒಂದು ಕೋಣೆ ತುಂಬುವಷ್ಟು ಜನ. ಕೂಟಕ್ಕೆ ಒಂದು ಕಟ್ಟಳೆ ಇದೆ. ಅಧ್ಯಕ್ಷತೆ ವಹಿಸಿದವರಿಗೆ ಮೊದಲಿಗೇ ಒಂದು ಶಾಲು ಹೊದಿಸುತ್ತಾರೆ. ಶಾಲು ಮೈಮೇಲೆ ಇರುವ ತನಕ ಅವರು ತಮ್ಮ ಅಭಿಪ್ರಾಯ ಹೇಳುವಂತಿಲ್ಲ, ಮಾತಿಗೆ ಸರದಿ ಕೊಡುವುದಷ್ಟೇ ಕೆಲಸ. ಯಾರದಾದರೂ ಮಾತು ಕೇಳಿ ಅಧ್ಯಕ್ಷರಿಗೆ ಸುಮ್ಮನಿರಲು ಆಗದಿದ್ದರೆ ಶಾಲು ತೆಗೆದಿಟ್ಟು ಸಭೆಗೆ ಇಳಿಯಬೇಕು, ಮತ್ತೆ ಆ ಕುರ್ಚಿಗೆ ಹೋಗುವಂತಿಲ್ಲ. ಹಾಗೆ ಇಳಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಎಷ್ಟು ಕೆಣಕಿದರೂ ಮಾವಶಿ ಶಾಲಿನೊಳಗೆ ಗಟ್ಟಿ ಕೂರುತ್ತಾರೆಂದು, ಹೆಚ್ಚು ಜಗಳ ಏಳುವ ವಿಷಯಕ್ಕೆ ಅವರನ್ನೇ ಅಧ್ಯಕ್ಷರನ್ನಾಗಿ ಮಾಡುತ್ತಿದ್ದರು.

ಆ ತಿಂಗಳ ವಿಷಯ, ಪರದೇಶಗಳ ಯುದ್ಧದ ನಡುವೆ ನಿಲ್ಲಲು ನಾವು ಸೈನಿಕರನ್ನು ಕಳಿಸಬೇಕೇ ಎಂಬುದು. ಕಳಿಸಬೇಕು ಎಂಬ ಪಕ್ಷದಲ್ಲಿ ನಾನು. ವೀಣಾಳ ಸುದ್ದಿಗೆ ಮುಂಚೆಯೇ ಒಪ್ಪಿಕೊಂಡುಬಿಟ್ಟಿದ್ದೆ. ವೀಣಾ ಡ್ಯೂಟಿಯ ಮೇಲಿದ್ದಳು. ಎಂದೂ ಬಾರದ ಅವ್ವ ಅವತ್ತು ಜರಿಯಂಚಿನ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದಳು.

ನಾನು ಓದಿಕೊಂಡು ಬಂದದ್ದನ್ನು ಹೇಳಿದೆ. ಬ್ಯಾಂಕಿನಿಂದ ನಿವೃತ್ತರಾದ ದೇಶಪಾಂಡೆಯವರು ಎದ್ದು, ಇಷ್ಟು ವರ್ಷ ಕಳಿಸಿ ದೇಶಕ್ಕೆ ಸಿಕ್ಕದ್ದೇನು, ದೊಡ್ಡವರು ಕೂರುವ ಮೇಜಿನ ಹತ್ತಿರ ಒಂದು ಕಾಯಂ ಕುರ್ಚಿಯಾದರೂ ಸಿಕ್ಕಿತೇ ಎಂದು ಕೇಳಿದರು. ಚೇತನ್ ಎಂಬ ಬೆಂಗಳೂರಿನ ಹುಡುಗ, ಬುದ್ಧಿವಂತ, ಇನ್ನೂ ಮುಂದೆ ಹೋದ.

"ಮೇಡಂ, ನ್ಯೂಟ್ರಲ್ ಅಂತ ಹೇಳ್ಕೊಳ್ಳೋದು ಒಂಥರಾ ಭಯ ಅಷ್ಟೇ. ಹೊಡೆದವನನ್ನೂ ಹೊಡೆಸಿಕೊಂಡವನನ್ನೂ ಒಂದೇ ಥರ ನೋಡೋದು ಸರಿನಾ?"

ನಾನು ಉತ್ತರಕ್ಕೆ ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವ್ವ ಎದ್ದು ನಿಂತಳು. ಸರದಿ ಕೇಳಲಿಲ್ಲ.

"ಅದೆಲ್ಲಾ ಇರಲಿ. ನಿನ್ನ ತಂಗಿ ಹೋಗಬೇಕೋ ಬ್ಯಾಡೋ? ಅದೊಂದು ಹೇಳು."

ನಾನು ಹೇಳಲಿಲ್ಲ. ಓದಿಕೊಂಡು ಬಂದ ಹಾಳೆಗಳ ಮೇಲೆ ಕಣ್ಣಾಡಿಸಿದೆ. ತಲೆ ಎತ್ತಿದಾಗ ಮಾವಶಿ ಎದ್ದು ನಿಂತು ಶಾಲು ತೆಗೆಯುತ್ತಿದ್ದರು. ಆಸ್ಪತ್ರೆಯ ಚಾದರ ಮಡಿಸುವ ಹಾಗೆ ಮೂಲೆಗೆ ಮೂಲೆ ಕೂಡಿಸಿ ಮಡಿಸಿ ಕುರ್ಚಿಯ ಮೇಲಿಟ್ಟು, ಇಳಿದು ಅವ್ವನ ಎದುರು ಬಂದರು.

"ಶಾರದಾಬಾಯಿ, ಆಕಿಗೆ ಕೇಳಬ್ಯಾಡ್ರಿ. ಆಕಿ ಅಕ್ಕ. ನಂಗ ಕೇಳಿದ್ರಿ, ನಾ ಹೇಳ್ತೀನಿ. ವೀಣಾ ಹೋಗಬೇಕು ಅಂತ ನನ್ನ ಅಭಿಪ್ರಾಯ."

ಅವ್ವ ಅವರ ಮುಖವನ್ನೇ ನೋಡುತ್ತಿದ್ದಳು.

"ಆಕಿಗೆ ಏನೂ ಆಗಂಗಿಲ್ಲ ಅಂತ ಮಾತ್ರ ನಾ ಹೇಳಂಗಿಲ್ರಿ. ಹೇಳಿದ್ರ ಸುಳ್ಳಾಗ್ತದ. ನಾ ಇದ್ದಾಗ ನಮ್ಮವರು ಸತ್ತಾರ. ನನ್ನ ಕೈಯಾಗ ಸತ್ತಾರ. ಅದು ಗೊತ್ತಿದ್ದೂ ಹೇಳಾಕತ್ತೀನಿ."

ಆಮೇಲೆ ದೇಶಪಾಂಡೆಯವರ ಕಡೆ ತಿರುಗಿ, ಕುರ್ಚಿ ಸಿಗಲಿಲ್ಲ ಎನ್ನುವುದು ಖರೆ, ಆದರೆ ತಾನು ಕುರ್ಚಿ ತರಲು ಹೋಗಿರಲಿಲ್ಲ ಎಂದರು. ಸಭೆ ನಕ್ಕಿತು. ಅವರು ನಗಲಿಲ್ಲ. ಚೇತನ್‌ನ ಪ್ರಶ್ನೆಗೆ ತಡೆದು ತಡೆದು ಮಾತಾಡಿದರು. ಒಂದು ಹಳ್ಳಿಗೆ ಬೆಂಕಿ ಇಟ್ಟವನೆಂದು ಎಲ್ಲರಿಗೂ ಗೊತ್ತಿದ್ದ ಒಬ್ಬನನ್ನು ಅವರ ವಾರ್ಡಿಗೆ ತಂದಿದ್ದರಂತೆ, ತೊಡೆಗೆ ಗುಂಡು ಬಿದ್ದಿತ್ತು. ಅದೇ ಹಳ್ಳಿಯ ಸುಟ್ಟ ಗಾಯದವರು ಪಕ್ಕದ ಕೋಣೆಯಲ್ಲಿದ್ದರು.

"ಅವನ ಗಾಯ ಕಟ್ಟಿದೆ, ತಮ್ಮಾ. ಕಟ್ಟಿದೆ, ಮಾತಾಡಸಲಿಲ್ಲ. ಇಬ್ಬರನ್ನೂ ಒಂದೇ ಥರ ನೋಡಿದೆ ಅಂತ ನಾ ಹೇಳಂಗಿಲ್ಲ. ನಿನ್ನ ಪ್ರಶ್ನಿಗೆ ಪೂರ್ತಿ ಉತ್ತರ ನನ್ನ ಹತ್ರ ಇಲ್ಲ. ದೇಶ ಒಂದು ಪಕ್ಷ ಹಿಡೀಬೇಕಾದಾಗ ಹಿಡೀಲಿ. ಆದ್ರ ಎರಡೂ ಕಡಿಯವರ ಬಾಗಿಲಿಗೆ ಹೋಗಲಿಕ್ಕೆ ಬರುವಂಥವರು ಯಾರರೆ ಉಳೀಬೇಕಲ್ಲೋ. ಎಲ್ಲಾರೂ ಪಕ್ಷ ಹಿಡಿದ್ರ ಹೆಣ ಎತ್ತೋರು ಯಾರು?"

ಅವ್ವ ತನ್ನ ಚೀಲ ತೆಗೆದುಕೊಂಡು ಹೊರಟಳು. ಸಭೆಯ ಕೊನೆಗೆ ತಿನ್ನಲು ಗಿರ್ಮಿಟ್, ಮಿರ್ಚಿ ಭಜಿ ಇರುತ್ತದೆ. ಮಾವಶಿ ಖಾಲಿ ಅಧ್ಯಕ್ಷ ಕುರ್ಚಿಯ ಪಕ್ಕದಲ್ಲಿ ನಿಂತು, ಅವ್ವನ ಪಾಲಿನ ಭಜಿಯನ್ನು ಪೇಪರಿನಲ್ಲಿ ಕಟ್ಟಿ ನನ್ನ ಕೈಗಿತ್ತರು. ಅವ್ವ ಅದನ್ನು ಮುಟ್ಟಲಿಲ್ಲ, ಮರುದಿನ ಹವಾಲ್ದಾರ ತಿಂದ.

ಅವತ್ತಿನಿಂದ ಅವ್ವ ಮಾವಶಿಯ ಜೊತೆ ಮಾತು ಬಿಟ್ಟಳು. ಲಿಫ್ಟಿನಲ್ಲಿ ಅವರಿದ್ದರೆ ಮೊಣಕಾಲು ನೋವಿದ್ದರೂ ಮೆಟ್ಟಿಲು ಹತ್ತುತ್ತಿದ್ದಳು. ವೀಣಾ ಹೆಸರು ಹಿಂದೆಗೆದುಕೊಳ್ಳಲಿಲ್ಲ. ಮಾವಶಿ ತನ್ನ ಪರ ಮಾತಾಡಿದರೆಂಬುದು ಗೊತ್ತಾಗಿ ಅವರ ಮನೆಗೆ ಓಡಿದವಳಿಗೆ ಅವರು ಚೆನ್ನಾಗಿ ಬೈದು ಕಳಿಸಿದರು. ಆಗ ನಾನೂ ಜೊತೆಗಿದ್ದೆ. ತಾಯಿಯನ್ನು ಹೀಗೆ ಬಿಟ್ಟು ಹೋದರೆ ಅಲ್ಲಿ ಹೋಗಿ ಯಾರ ಜಗಳ ಬಿಡಿಸುತ್ತಿ ಎಂದು ಕೇಳಿದರು. ವೀಣಾ ಹೊರಡುವ ವಾರ ಪೂರ್ತಿ ಅವ್ವನ ಕೋಣೆಯಲ್ಲಿ ನೆಲದ ಮೇಲೆ ಮಲಗಿದಳು. ಅವ್ವ ಮಾತಾಡಲಿಲ್ಲ, ಹಾಸಿಗೆ ಮಾತ್ರ ಎರಡನೆಯ ದಿನ ತಾನೇ ಹಾಸಿಟ್ಟಿದ್ದಳು. ವಿಮಾನ ನಿಲ್ದಾಣಕ್ಕೆ ಅವ್ವ ಬರಲಿಲ್ಲ. ನಾನು ಹೋಗಿದ್ದೆ, ಮಾವಶಿ ಬಂದಿದ್ದರು.

ಮಳೆಗಾಲದ ಒಂದು ಬೆಳಿಗ್ಗೆ ಟಿವಿಯಲ್ಲಿ ಆ ದೇಶದ ಹೆಸರು ಬಂತು. ಶಾಂತಿಪಾಲನಾ ಪಡೆಯ ಒಂದು ಠಾಣೆಯ ಮೇಲೆ ದಾಳಿಯಾಗಿತ್ತು. ಯಾವ ಠಾಣೆ ಎಂದು ಹೇಳಲಿಲ್ಲ. ವೀಣಾಳ ಫೋನ್ ಹತ್ತಲಿಲ್ಲ. ಅದೇ ಆರು ಮುಖಗಳು ಬಂದು ಅದೇ ಕೂಗಾಟ ಶುರುಮಾಡಿದವು. ಅವ್ವ ಟಿವಿ ಆರಿಸಿ, ಚಪ್ಪಲಿ ಹಾಕದೆ ಮೆಟ್ಟಿಲಿಳಿದು ಮಾವಶಿಯ ಬಾಗಿಲು ಬಡಿದಳು. ನಾನು ಹಿಂದೆಯೇ ಇದ್ದೆ. ಅವ್ವ ಬೈಯಲಿಕ್ಕೆ ಹೋಗುತ್ತಿದ್ದಾಳೆಂದೇ ನಾನು ತಿಳಿದದ್ದು. ಬೈಯಲಿಕ್ಕೇ ಹೊರಟಿದ್ದಳೋ ಏನೋ.

ಬಾಗಿಲು ತೆರೆದ ಮಾವಶಿ ಅವ್ವನ ಮುಖ ನೋಡಿದರು. ಅವರಿಗೆ ಸುದ್ದಿ ಗೊತ್ತಿರಲಿಲ್ಲ. ನಾನು ಹೇಳಿದೆ. ಅವ್ವ ಕೇಳಿದ್ದು ಒಂದೇ, ವೀಣಾ ಅಲ್ಲಿದ್ದಳೋ ಇಲ್ಲವೋ ಎಂದು.

"ಗೊತ್ತಿಲ್ರಿ, ಶಾರದಾಬಾಯಿ. ಗೊತ್ತಾಗೋತನಕ ಇಬ್ಬರೂ ಇಲ್ಲೇ ಕೂಡೂಣು ಬರ್ರಿ."

ಇಬ್ಬರೂ ಕೂತರು. ಮಾವಶಿ ತಮ್ಮ ಹಳೆಯ ಪರಿಚಯದವರಿಗೆಲ್ಲ ಫೋನ್ ಮಾಡಿದರು, ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ, ಒಬ್ಬರ ಜೊತೆ ಮರಾಠಿಯಲ್ಲಿ ಜಗಳವಾಡಿ. ಫೋನು ಬರದ ಹೊತ್ತಿನಲ್ಲಿ ಅವ್ವನಿಂದ ಕೊತ್ತಂಬರಿ ಬಿಡಿಸಿದರು, ಬೆಳ್ಳುಳ್ಳಿ ಸುಲಿಸಿದರು. ಏನೂ ಆಗಿರುವುದಿಲ್ಲ ಎಂದು ಒಮ್ಮೆಯೂ ಹೇಳಲಿಲ್ಲ. ಆ ದಿನ ಬೇರೆ ಎಲ್ಲರೂ, ನಾನೂ ಸೇರಿ, ಅದನ್ನೇ ಹೇಳುತ್ತಿದ್ದೆವು. ಅವ್ವ ನಮ್ಮ ಹತ್ತಿರ ಕೂರದೆ, ಹೇಳದವರ ಹತ್ತಿರ ಯಾಕೆ ಕೂತಳು ಎಂಬುದು ಆಗ ತಿಳಿಯಲಿಲ್ಲ. ಸಂಜೆ ವೀಣಾಳೇ ಫೋನ್ ಮಾಡಿದಳು. ದಾಳಿಯಾದದ್ದು ಬೇರೆ ಠಾಣೆ, ಗಾಯಾಳುಗಳೆಲ್ಲ ಇವಳ ಆಸ್ಪತ್ರೆಗೆ ಬಂದಿದ್ದರು, ದಿನವಿಡೀ ನಿಂತೇ ಇದ್ದಳಂತೆ. ಅವಳು ಹೋದ ಮೇಲೆ ಮೊದಲ ಸಲ ಅವ್ವ ಫೋನನ್ನು ತಾನೇ ಕೈಗೆ ತೆಗೆದುಕೊಂಡಳು. ಕೇಳಿದ್ದು, ಉಂಡೆಯಾ ಎಂದು.

ವೀಣಾ ಅವಧಿ ಮುಗಿಸಿ ಬಂದಳು, ಈಗ ಉತ್ತರದ ಕಡೆ ಒಂದು ಆಸ್ಪತ್ರೆಯಲ್ಲಿದ್ದಾಳೆ. ಕಳೆದ ಚಳಿಗಾಲ ಮಾವಶಿಯ ಹೃದಯ ಸೋಲತೊಡಗಿತು. ತಾವು ಕೆಲಸ ಮಾಡಿದ ಸೈನ್ಯದ ಆಸ್ಪತ್ರೆಯಲ್ಲೇ ಮಲಗಿ, ಚಾದರದ ಮೂಲೆ ಸರಿಯಿಲ್ಲವೆಂದು ಎಳೆಯ ನರ್ಸುಗಳನ್ನು ಗದರಿಸುತ್ತಿದ್ದರು. ಅವ್ವ ದಿನವೂ ಹೋಗುತ್ತಿದ್ದಳು. ನಾನು ಕೊನೆಯ ಸಲ ಅವರನ್ನು ಕಂಡದ್ದು ಒಂದು ಮಧ್ಯಾಹ್ನ, ಅವ್ವನ ಜೊತೆ. ಅವರ ದನಿ ಬಹಳ ಸಣ್ಣದಾಗಿತ್ತು. ಹೊರಡುವ ಹೊತ್ತಿಗೆ ಅವ್ವ ಮಂಚದ ಪಟ್ಟಿ ಹಿಡಿದು ನಿಂತು, ಬಹಳ ದಿನದಿಂದ ಹೇಳಬೇಕೆಂದಿದ್ದವಳ ಹಾಗೆ ಹೇಳಿದಳು.

"ನೀವು ಅವತ್ತು ಸಭಾದಾಗ ಹೇಳಿದ್ದು ನಂಗ ಇನ್ನೂ ಒಪ್ಪಿಗಿ ಇಲ್ಲ ನೋಡ್ರಿ."

"ಒಪ್ಪಬ್ಯಾಡ್ರಿ," ಎಂದರು ಮಾವಶಿ. "ಯಾಕ ಒಪ್ಪಿಗಿಲ್ಲ ಅಂತ ನಾಳೆ ಬಂದು ಸರಿಯಾಗಿ ಹೇಳ್ರಿ. ಇವತ್ತ ನಂಗ ತಿರುಗಿ ಜಗಳಾಡಲಿಕ್ಕೆ ಉಸಿರಿಲ್ಲ."

ಅವ್ವ ಮರುದಿನ ಬೇಗ ಎದ್ದು ಸ್ನಾನ ಮಾಡಿದ್ದಳು. ಅಡುಗೆಮನೆಯಲ್ಲಿ ಒಬ್ಬಳೇ ಏನೋ ಗೊಣಗುತ್ತಿದ್ದಳು, ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಳ್ಳುವ ಹಾಗೆ. ಆಸ್ಪತ್ರೆಯಿಂದ ಫೋನ್ ಬಂದಾಗ ನಾವಿನ್ನೂ ಚಹಾ ಕುಡಿದಿರಲಿಲ್ಲ. ಮಾವಶಿ ತೀರಿಕೊಂಡರೆಂದು ನಾನು ಹೇಳಿದ್ದನ್ನು ಕೇಳಿ ಅವ್ವ ಸೆರಗು ಸರಿಮಾಡಿಕೊಂಡು, ನಡಿ ಹೋಗೋಣ ಎಂದಳು.

ರಿಕ್ಷಾದಲ್ಲಿ ಅವ್ವ ಅಳಲಿಲ್ಲ. ಸಿಗ್ನಲ್ಲಿನಲ್ಲಿ ನಿಂತಾಗ ಮಾತಾಡತೊಡಗಿದಳು. ನನ್ನ ಕಡೆ ನೋಡುತ್ತಿರಲಿಲ್ಲ. ತಾಯಂದಿರನ್ನು ಕೇಳದೆ ಮಕ್ಕಳನ್ನು ಕಳಿಸಲು ದೇಶ ಯಾರು, ಅಲ್ಲಿಯ ಜಗಳ ಅಲ್ಲಿಯವರದು, ನಮ್ಮ ಹುಡುಗಿಗೆ ಗುಂಡು ಬಿದ್ದಿದ್ದರೆ ಅವರು ಬರುತ್ತಿದ್ದರೇನು. ಒಳ್ಳೆಯ ವಾದ. ದೇಶಪಾಂಡೆಯವರದಕ್ಕಿಂತ ಗಟ್ಟಿಯಾದದ್ದು. ಹೇಳಿ ಮುಗಿಸಿದಳು. ಮಾವಶಿಯಿಂದ ಉತ್ತರ ಬರಬೇಕಾದ ಜಾಗ ಖಾಲಿ ಇತ್ತು. ಅವ್ವ ಆ ಖಾಲಿಯಲ್ಲಿ ಕಾಯುತ್ತಿದ್ದಾಳೆಂದು ನನಗೆ ಅನ್ನಿಸಿತು.

"ಹೋಗಬೇಕಿತ್ತು, ಅವ್ವ," ಎಂದೆ. "ನಂಗೂ ಭಾಳ ಅಂಜಿಕಿ ಇತ್ತು. ಆದ್ರೂ ವೀಣಾ ಹೋಗಬೇಕಿತ್ತು."

ಅವ್ವ ತಿರುಗಿ ನನ್ನನ್ನು ನೋಡಿದಳು.

"ಯಾಕ? ಹೇಳು," ಎಂದಳು.

ನಾನು ಹೇಳತೊಡಗಿದೆ.